ಅಟ್ಟ ಸೇರಿದವು, ಒಲೆಯ ಬಳಿ ಉಳಿದವು

ಜಾತ್ರೆಯ ಅಂಗಡಿಸಾಲಿನಲ್ಲಿ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ, ಬೆಂಗಳೂರಿನ ದೊಡ್ಡ ಮಳಿಗೆಯ ಒಂದು ಮೂಲೆಯಲ್ಲಿ, ಎಲ್ಲಿಯಾದರೊಂದು ಕಡೆ ಆ ಮನುಷ್ಯನನ್ನು ಕಾಣದವರಿಲ್ಲ. ಎತ್ತರವಾದ ಮೇಜು, ಅದರ ಮೇಲೆ ರಾಶಿ ಹಾಕಿದ ಸೌತೆಕಾಯಿ, ಗಜ್ಜರಿ, ಮೂಲಂಗಿ, ಕೈಯಲ್ಲಿ ಬಣ್ಣಬಣ್ಣದ ಪುಟ್ಟದೊಂದು ಯಂತ್ರ, ಬಾಯಲ್ಲಿ ಎಡೆಬಿಡದ ಮಾತು. ದಾರವನ್ನು ನಾಲ್ಕು ಸಲ ಎಳೆಯುತ್ತಾನೆ, ಈರುಳ್ಳಿ ಪುಡಿಪುಡಿ! ಹಿಡಿಯನ್ನು ಒಮ್ಮೆ ತಿರುಗಿಸುತ್ತಾನೆ, ಸೌತೆಕಾಯಿ ಸುರುಳಿಸುರುಳಿಯಾಗಿ ಹೂಮಾಲೆಯಂತೆ ಇಳಿಯುತ್ತದೆ. ನೆರೆದವರ ಕಣ್ಣು ಅರಳುತ್ತದೆ, ಕೈ ಜೇಬಿಗೆ ಹೋಗುತ್ತದೆ. ಆತ ಸಿಪ್ಪೆಯನ್ನೆಲ್ಲ ಒಂದೇ ಏಟಿಗೆ ಬುಟ್ಟಿಗೆ ತಳ್ಳಿ, ಯಂತ್ರವನ್ನು ಬಟ್ಟೆಯಿಂದೊರಸಿ, ಮುಂದಿನ ಗುಂಪಿಗೆ ಅದೇ ಮಾತನ್ನು ಮೊದಲಿನಿಂದ ಆರಂಭಿಸುತ್ತಾನೆ.

ಆ ಪ್ರದರ್ಶನದಲ್ಲಿ ಎರಡು ಸಂಗತಿಗಳು ಎಂದೂ ಕಾಣಿಸುವುದಿಲ್ಲ. ಯಂತ್ರವನ್ನು ಬಿಚ್ಚಿ, ಅಲಗಿನ ಸಂದಿಯಲ್ಲಿ ಸಿಕ್ಕಿದ ನಾರನ್ನು ಬಿಡಿಸಿ, ತೊಳೆದು, ಒಣಗಿಸಿ, ಮತ್ತೆ ಜೋಡಿಸುವ ಕೆಲಸ ಒಂದು. ಹಾಗೆ ಹೆಚ್ಚಿದ ತರಕಾರಿ ಯಾವ ಅಡಿಗೆಗೆ ಒದಗುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಕಂಡುಕೊಳ್ಳುವವಳು ಮನೆಯಲ್ಲಿದ್ದಾಳೆ. ತೋರಿಸಿದವನು ಗಂಡಸು, ಕೊಂಡವನು ಹೆಚ್ಚಾಗಿ ಗಂಡಸು. ಬಳಸಬೇಕಾದ ಹೆಣ್ಣುಮಗಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಆಕೆಯ ತೀರ್ಪು ಬಾಯಿಮಾತಿನಲ್ಲಿ ಬರುವುದೂ ಅಪರೂಪ. ಅದನ್ನು ತಿಳಿಯಬೇಕಾದರೆ ಅಡಿಗೆಮನೆಯ ಅಟ್ಟವನ್ನು ನೋಡಬೇಕು. ಯಾವ ಉಪಕರಣ ಒಲೆಯ ಬಳಿ ಉಳಿಯಿತು, ಯಾವುದು ಪೆಟ್ಟಿಗೆಯೊಡನೆ ಅಟ್ಟ ಸೇರಿತು ಎಂಬುದೇ ಆ ತೀರ್ಪು. ಬೆಂಗಳೂರಿನ ಮನೆಗಳ ಅಟ್ಟಗಳನ್ನೂ ನೋಡಬಹುದು. ಆದರೆ ಅಲ್ಲಿ ಅರ್ಧ ಅಡಿಗೆಯನ್ನು ಅಂಗಡಿಯೇ ಮುಗಿಸಿಕೊಟ್ಟಿರುತ್ತದೆ. ನಿಜವಾದ ಪರೀಕ್ಷೆ ನಡೆಯಬೇಕಾದರೆ ಕೋಲಾರದ ಕಡೆಗೆ, ಯಲ್ದೂರಿನಂಥ ಊರಿಗೆ ಹೋಗಬೇಕು.

ಯಲ್ದೂರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹೋಬಳಿಯ ಊರು. ಈ ಸೀಮೆಯೆಂದರೆ ಮಾವಿನ ತೋಪು, ರಾಗಿಯ ಹೊಲ, ಟೊಮೆಟೊ ತೋಟ. ಆಂಧ್ರದ ಗಡಿ ದೂರವಿಲ್ಲವಾದುದರಿಂದ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುತ್ತವೆ. ಒಂದು ಮನೆಯ ಮುದ್ದೆ ಪಕ್ಕದ ಮನೆಯಲ್ಲಿ ಸಂಗಟಿಯಾಗುತ್ತದೆ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲೆಲ್ಲೂ ಇಲ್ಲ. ಕೆರೆ ಬತ್ತಿದರೆ ಕೊಳವೆ ಬಾವಿಯೇ ಗತಿ, ಅದರ ನೀರೋ ಬಹು ಕಡೆ ಗಡಸು. ಇಂಥ ಊರುಗಳಿಂದ ಓದಿ ಬೆಂಗಳೂರು ಸೇರಿದ ಮಕ್ಕಳು ಯುಗಾದಿಗೋ ಸಂಕ್ರಾಂತಿಗೋ ಬರುವಾಗ, ತಾಯಿಗೆ ಸುಖವಾಗಲೆಂದು, ಕಂಕುಳಲ್ಲಿ ಹೊಸದೊಂದು ಪೆಟ್ಟಿಗೆಯನ್ನು ಹಿಡಿದು ಬರುತ್ತಾರೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ನಗುವ ಹೆಂಗಸು, ಹಿಂದೆ ಹೊಳೆಯುವ ನಲ್ಲಿ. ಪೆಟ್ಟಿಗೆ ಇಳಿದ ಮನೆಯಲ್ಲಿ ರಾಗಿ, ಹುರುಳಿ, ಅವರೆ, ಹುಳಿ ಮಾವು, ಮತ್ತು ಕೊಡದಲ್ಲಿ ಅಳೆದಿಟ್ಟ ನೀರು. ಇಲ್ಲಿ ತೇರ್ಗಡೆಯಾದ ಉಪಕರಣ ಬೇರೆಲ್ಲಿಯೂ ಸೋಲಲಾರದು.

ರಾಗಿಕಲ್ಲು ಮೂಲೆ ಸೇರಿದ ಬಗೆ

ಹೊಸದನ್ನೆಲ್ಲ ಹೀಗಳೆಯುವುದು ಸುಲಭ. ಆದರೆ ಅಡಿಗೆಮನೆಗೆ ಬಂದ ಹೊಸದರಲ್ಲಿ ಕೆಲವು ಹೆಂಗಸರ ಬಾಳನ್ನೇ ಬದಲಿಸಿದವು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಮಿಂಚಿನ ಶಕ್ತಿ ಈ ಜಿಲ್ಲೆಗೆ ಬಂದ ಕಥೆಯೇ ವಿಚಿತ್ರ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ಹರಿದು ಬಂದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದುದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಹೀಗೆ ರಾಜಧಾನಿಗಿಂತ ಮೊದಲೇ ವಿದ್ಯುತ್ತನ್ನು ಕಂಡ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರು ಆಮೇಲೂ ಹಲವು ದಶಕಗಳ ಕಾಲ ಕೋಳಿ ಕೂಗುವ ಮೊದಲೆದ್ದು, ಬುಡ್ಡಿಯ ಬೆಳಕಿನಲ್ಲಿ ರಾಗಿಕಲ್ಲನ್ನು ತಿರುವುತ್ತಲೇ ಇದ್ದರು. ನೆಲದಡಿಯ ಬಂಡೆ ಪುಡಿಯಾಗಲು ಯಂತ್ರವಿತ್ತು; ರಾಗಿ ಪುಡಿಯಾಗಲು ತೋಳೇ ಬೇಕಾಗಿತ್ತು. ಆ ಗಣಿಗಳು 2001ರಲ್ಲಿ ಮುಚ್ಚಿದವು.

ತೋಳಿಗೆ ಮೊದಲ ಬಿಡುಗಡೆಯನ್ನು ಕೊಟ್ಟದ್ದು ಊರಿನ ಹಿಟ್ಟಿನ ಗಿರಣಿ. ಬೀಸುವ ಪದಗಳು ಹೋದವಲ್ಲ ಎಂದು ಮರುಗುವ ರಸಿಕರುಂಟು. ಅವು ನಿಜವಾಗಿಯೂ ದೊಡ್ಡ ಸಂಪತ್ತು. ಆದರೆ ಆ ಕಲ್ಲಿಗಾಗಿ ಮರುಗುವವರಲ್ಲಿ ಅದರ ಗೂಟ ಹಿಡಿದು ದಿನವೂ ಸೇರುಗಟ್ಟಲೆ ಬೀಸಿದವರು ಕಡಮೆ. ಬೀಸಿದ ಮುದುಕಿಯರು ಹಾಡನ್ನು ನೆನೆಯುತ್ತಾರೆ, ಕಲ್ಲನ್ನು ನೆನೆಯುವುದಿಲ್ಲ.

ಆನಂತರ ಬಂದುದು ಮಿಕ್ಸಿ. ಇದರ ಹುಟ್ಟಿನಲ್ಲಿಯೇ ಒಂದು ಪಾಠವಿದೆ. ಸತ್ಯಪ್ರಕಾಶ ಮಾಥುರ್ ಎಂಬ ಎಂಜಿನಿಯರರ ಪತ್ನಿ ಮಾಧುರಿಯವರ ಬಳಿ ವಿದೇಶದ ಮಿಕ್ಸರೊಂದಿತ್ತು. ಹಾಲು ಹಣ್ಣುಗಳನ್ನು ಕಲಕಲು ಹುಟ್ಟಿದ ಯಂತ್ರ ನಮ್ಮ ಮಸಾಲೆಯ ಭಾರಕ್ಕೆ ಎಷ್ಟು ದಿನ ತಾಳೀತು? ಅದರ ಮೋಟಾರು ಸುಟ್ಟುಹೋಯಿತು, ದುರಸ್ತಿಗೆ ಇಲ್ಲಿ ಅನುಕೂಲವಿರಲಿಲ್ಲ. ಮಾಥುರ್ ತಾವೇ ಹೆಚ್ಚು ಬಲವುಳ್ಳ ಮೋಟಾರನ್ನು ಕೂಡಿಸಿ, ಭಾರತದ ಅಡಿಗೆಗೆ ತಕ್ಕ ಯಂತ್ರವನ್ನು ರೂಪಿಸಿದರು. 1963ರಲ್ಲಿ ಕಂಪನಿ ಕಟ್ಟಿ 'ಸುಮೀತ್' ಎಂಬ ಹೆಸರಿನಿಂದ ಅದನ್ನು ಮನೆಮನೆಗೂ ಮುಟ್ಟಿಸಿದರು. ಒಣಮೆಣಸು, ಕೊಬ್ಬರಿ, ಅರಿಸಿನದ ಕೊಂಬು, ನೆನೆದ ಬೇಳೆ ಎಲ್ಲಕ್ಕೂ ತಡೆದ ಯಂತ್ರ ಅದು. ನಮ್ಮ ಅಡಿಗೆ ಏನು ಕೇಳುತ್ತದೆ ಎಂಬುದನ್ನು ಅರಿತು ಹುಟ್ಟಿದ್ದರಿಂದಲೇ ಮಿಕ್ಸಿ ಅಟ್ಟ ಹತ್ತಲಿಲ್ಲ.

ಹಾಗೆಂದು ಮಿಕ್ಸಿ ಎಲ್ಲಕ್ಕೂ ಮದ್ದಲ್ಲ. ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗುವ ಅಲಗು ಉದ್ದಿನ ಹಿಟ್ಟನ್ನು ಬಿಸಿ ಮಾಡುತ್ತದೆ. ಒರಳಿನಲ್ಲಿ ಗಾಳಿ ಕುಡಿದು ಉಬ್ಬಿದಂತೆ ಹಿಟ್ಟು ಅಲ್ಲಿ ಉಬ್ಬುವುದಿಲ್ಲ. ಈ ಕೊರತೆಯನ್ನು ತುಂಬಿದುದು ಕೊಯಮತ್ತೂರಿನ ವೆಟ್ ಗ್ರೈಂಡರು. ಒರಳುಕಲ್ಲನ್ನೇ ಮೋಟಾರಿಗೆ ಕಟ್ಟಿದಂತಿರುವ ಈ ಯಂತ್ರವನ್ನು ಅಲ್ಲಿ 1955ರಲ್ಲಿ ಸಭಾಪತಿ ಎಂಬವರು ಮೊದಲು ರೂಪಿಸಿದರೆಂದು ಹೇಳುತ್ತಾರೆ. ಇಂದು ಆ ಊರಿನ ಗ್ರೈಂಡರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಉಂಟು. ದೋಸೆ ಇಡ್ಲಿ ವಾರಕ್ಕೆರಡು ಬಾರಿಯಾದರೂ ಆಗುವ ಮನೆಯಲ್ಲಿ ಅದು ಒಲೆಯ ಬಳಿ ಉಳಿಯುತ್ತದೆ. ದೋಸೆ ಹಬ್ಬಕ್ಕೆ ಮಾತ್ರ ಎನ್ನುವ ಮನೆಯಲ್ಲಿ ಕಲ್ಲಿನ ಭಾರವೇ ಅದಕ್ಕೆ ಶಾಪವಾಗಿ, ಅಟ್ಟಕ್ಕೂ ಏರಲಾರದೆ ಬಾಗಿಲ ಹಿಂದೆ ಕುಳಿತುಬಿಡುತ್ತದೆ.

ಬಳಸುವವರು ಮರೆಯುವ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಎಷ್ಟೋ ಮಿಕ್ಸಿಗಳ ತಳದ ಚೀಟಿಯಲ್ಲಿ, ಐದು ನಿಮಿಷ ಓಡಿಸಿ ಎರಡು ನಿಮಿಷ ಆರಲು ಬಿಡಿ ಎಂಬ ಅರ್ಥದ ಸೂಚನೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಮದುವೆಯ ಹಿಂದಿನ ದಿನ ಮೂರು ಸೇರು ಸಾರಿನ ಪುಡಿಯನ್ನು ಒಂದೇ ಉಸಿರಿಗೆ ಪುಡಿ ಮಾಡಹೊರಟು, ವೋಲ್ಟೇಜು ತಗ್ಗಿದಾಗಲೂ ಬಿಡದೆ ಓಡಿಸಿ, ಸುಟ್ಟ ವಾಸನೆ ಬಂದಮೇಲೆ ಯಂತ್ರವನ್ನು ಬಯ್ಯುವುದು ನ್ಯಾಯವಲ್ಲ.

ಕುಕ್ಕರಿಗೆ ಕೋಲಾರದ ಸೀಮೆ ಋಣಿಯಾಗಿರಲು ಇನ್ನೊಂದು ಕಾರಣವಿದೆ. ಈ ಬಯಲು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರು ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ತಗ್ಗುವುದರಿಂದ ಇಲ್ಲಿ ನೀರು ನೂರು ಡಿಗ್ರಿಗೆ ಮೊದಲೇ, ಹೆಚ್ಚುಕಡಮೆ 97ರಲ್ಲಿ, ಕುದಿಯುತ್ತದೆ. ಎಷ್ಟು ಸೌದೆ ಒಟ್ಟಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಗಡಸು ನೀರು ಬೇರೆ. ಹೀಗಿರುವಲ್ಲಿ ಹುರುಳಿ, ಒಣಗಿದ ಅವರೆ, ತೊಗರಿಬೇಳೆಗಳು ಬೇಯುವುದೆಂದರೆ ಒಂದು ತಪಸ್ಸು. ಕುಕ್ಕರಿನ ಮುಚ್ಚಳ ಬಿಗಿದೊಡನೆ ಆವಿ ಒಳಗೇ ಒತ್ತಿ, ಶಾಖ 120 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಒಂದು ಗಂಟೆಯ ಕೆಲಸ ಕಾಲು ಗಂಟೆಗೆ ಇಳಿಯುತ್ತದೆ, ಸೌದೆಯಾಗಲಿ ಗ್ಯಾಸಾಗಲಿ ಅಷ್ಟೇ ಉಳಿಯುತ್ತದೆ.

ಈ ತತ್ತ್ವವೇನೂ ಹೊಸದಲ್ಲ. ಫ್ರಾನ್ಸಿನ ಡೆನಿ ಪಾಪಿನ್ 1679ರಲ್ಲಿಯೇ ಇಂಥ ಪಾತ್ರೆಯನ್ನು ಮಾಡಿ, 1682ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪಂಡಿತರಿಗೆ ಅದರಲ್ಲಿ ಬೇಯಿಸಿದ ಊಟವನ್ನೇ ಬಡಿಸಿದ. ಗಟ್ಟಿ ಮೂಳೆಗಳೂ ಮೆತ್ತಗಾಗಿದ್ದವಂತೆ. ಪಂಡಿತರು ಮೆಚ್ಚಿದರು, ಅಡಿಗೆಮನೆ ಮಾತ್ರ ಎರಡು ಶತಮಾನಕ್ಕೂ ಮೀರಿ ಕಾಯಿತು. ನಮ್ಮಲ್ಲಿ ಬಂಗಾಳದ ಇಂದುಮಾಧವ ಮಲ್ಲಿಕರು 1910ರಲ್ಲಿ, ಇದ್ದಿಲಿನ ಮೇಲೆ ಡಬ್ಬಿಗಳನ್ನು ಒಂದರ ಮೇಲೊಂದಿಟ್ಟು ಆವಿಯಲ್ಲಿ ಬೇಯಿಸುವ 'ಇಕ್ಮಿಕ್' ಕುಕ್ಕರನ್ನು ತಂದರು. ಸೀಟಿ ಹಾಕುವ ಒತ್ತಡದ ಕುಕ್ಕರು ಪ್ರೆಸ್ಟೀಜ್, ಹಾಕಿನ್ಸ್ ಹೆಸರುಗಳಲ್ಲಿ ಭಾರತದಲ್ಲಿಯೇ ತಯಾರಾಗತೊಡಗಿದುದು 1959ರ ಸುಮಾರಿಗೆ. ಆಗ ಅದನ್ನು ಬಾಂಬಿನಂತೆ ಕಂಡು, ಒಲೆಯ ಮೇಲಿಟ್ಟು ನಡುಮನೆಗೆ ಓಡಿಬರುತ್ತಿದ್ದವರ ಮೊಮ್ಮಕ್ಕಳು ಇಂದು ಸೀಟಿ ಎಣಿಸಿಯೇ ಕಾಲವನ್ನು ಅಳೆಯುತ್ತಾರೆ. ಭಯವೇನೂ ತೀರ ಆಧಾರವಿಲ್ಲದ್ದಲ್ಲ. ಸವೆದ ಗ್ಯಾಸ್ಕೆಟ್ಟು, ಬೇಳೆಯ ನೊರೆಯಿಂದ ಕಟ್ಟಿಕೊಂಡ ಆವಿಯ ಕೊಳವೆ, ಅಗ್ಗದ ನಕಲಿ ವಾಲ್ವು ಇವು ಈಗಲೂ ಅಪಾಯವೇ. 2021ರಿಂದ ಮನೆಬಳಕೆಯ ಕುಕ್ಕರಿಗೆ ಐ.ಎಸ್. 2347ರ ಮಾನಕದ ಗುರುತು ಕಡ್ಡಾಯವಾಗಿದೆ. ಸಂತೆಯಲ್ಲಿ ಕೊಳ್ಳುವವರು ತಳವನ್ನು ಮಗುಚಿ ಆ ಗುರುತನ್ನು ನೋಡುವುದು ಒಳ್ಳೆಯದು.

ಆದರೆ ಬಸ್ಸಾರು ಮಾಡುವ ದಿನ ಜಾಣೆಯಾದವಳು ಕುಕ್ಕರನ್ನು ಮುಟ್ಟಳು. ಸೊಪ್ಪು ಕಾಳುಗಳನ್ನು ಹದವಾಗಿ ಬೇಯಿಸಿ ನೀರನ್ನು ಬಸಿಯಬೇಕಾದ ಅಡಿಗೆ ಅದು. ಎರಡು ಸೀಟಿಗೆ ಸೊಪ್ಪು ಕರಗಿ, ಬಸಿಯಲು ಏನೂ ಉಳಿಯುವುದಿಲ್ಲ. ಮಸ್ಸೊಪ್ಪಿಗೂ ಹೀಗೆಯೇ: ಕೈಯಲ್ಲಿ ಹಿಡಿಯುವ ವಿದ್ಯುತ್ ಕಡೆಗೋಲು ಕ್ಷಣದಲ್ಲಿ ಅದನ್ನು ಅಂಟುಅಂಟಾದ ಹಸಿರು ಲೇಹ್ಯವನ್ನಾಗಿಸುತ್ತದೆ. ಮರದ ಕೋಲಿನಲ್ಲಿ ಮಸೆದರೆ ಅಲ್ಲೊಂದು ಎಲೆ, ಇಲ್ಲೊಂದು ಬೇಳೆ ಬಾಯಿಗೆ ಸಿಕ್ಕುತ್ತದಲ್ಲ, ರುಚಿಯಿರುವುದು ಅದರಲ್ಲಿ.

ಮುದ್ದೆಯ ಮುಂದೆ ಯಂತ್ರ

ಈ ಸೀಮೆಯಲ್ಲಿ ಉಪಕರಣಗಳ ಅಂತಿಮ ಪರೀಕ್ಷೆ ಮುದ್ದೆ. ಎಸರು ಕುದಿದ ಮೇಲೆ ರಾಗಿಹಿಟ್ಟನ್ನು ಗೋಪುರದಂತೆ ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, ಬೆಂದ ಹದವನ್ನು ಕಣ್ಣಿನಿಂದಲ್ಲ, ಗುಳುಗುಳು ಸದ್ದಿನಿಂದಲೇ ಅರಿತು, ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಲ್ಲಿ ಅದನ್ನು ಒತ್ತಿ ಹಿಡಿದು ತೊಳಸಬೇಕು. ತೊಳಸುವುದೆಂದರೆ ಬರಿಯ ಕಲಕುವುದಲ್ಲ. ಭುಜ, ಬೆನ್ನು, ಮಣಿಕಟ್ಟು ಮೂರೂ ಒಟ್ಟಿಗೆ ದುಡಿಯಬೇಕು. ಒಂದು ಗಂಟು ಉಳಿದರೂ ಊಟದ ತಟ್ಟೆಯ ಮುಂದೆ ಮಾತು ಕೇಳಬೇಕು. ದೊಡ್ಡ ಸಂಸಾರದ ಸೊಸೆಗೆ ದಿನಕ್ಕೆರಡು ಹೊತ್ತು ಈ ವ್ಯಾಯಾಮ. ನಿಜವಾಗಿ ಯಂತ್ರ ಬೇಕಾಗಿರುವುದು ಇಲ್ಲಿ. ಈರುಳ್ಳಿಯನ್ನು ಹೂವಿನಂತೆ ಕತ್ತರಿಸಿಕೊಡೆಂದು ಈ ಸೊಸೆ ಯಾರನ್ನೂ ಬೇಡಿರಲಿಲ್ಲ.

ಬಂದ ಯಂತ್ರಗಳು ಸೋತದ್ದು ಏಕೆ? ರಾಗಿಯ ಸ್ವಭಾವವೇ ಬೇರೆ. ಗೋದಿಯಲ್ಲಿರುವ ಜಿಗುಟಿನ ಅಂಶ ಅದರಲ್ಲಿಲ್ಲ. ಗೋದಿಹಿಟ್ಟನ್ನು ತಣ್ಣೀರಿನಲ್ಲಿ ನಾದಿದರೆ ರಬ್ಬರಿನಂತೆ ಹಿಡಿದುಕೊಳ್ಳುತ್ತದೆ. ರಾಗಿ ಹಿಡಿದುಕೊಳ್ಳುವುದು ಬಿಸಿನೀರಿನಲ್ಲಿ ಅದರ ಪಿಷ್ಟ ಬೆಂದು ಉಬ್ಬಿದಾಗ ಮಾತ್ರ. ಬೆಂದ ಹಿಟ್ಟೋ ಕಲ್ಲಿನಂತೆ ಭಾರ, ಅಂಟಿನಂತೆ ಬಿಗಿ. ಮಿಕ್ಸಿಯ ಅಲಗು ಅದರಲ್ಲಿ ಒಂದು ಗುಳಿ ತೋಡಿಕೊಂಡು ತನ್ನಷ್ಟಕ್ಕೆ ತಿರುಗುತ್ತದೆ, ಸುತ್ತಲ ಹಿಟ್ಟು ಅಲುಗುವುದಿಲ್ಲ. ಚಪಾತಿಯ ಹಿಟ್ಟು ಕಲಸುವ ಯಂತ್ರಕ್ಕೆ ಕುದಿಯುವ ಶಾಖ ಹೊಸದು. ಇಂಡಕ್ಷನ್ ಒಲೆಯ ಮೇಲಾದರೆ ತಳ ಚಪ್ಪಟೆಯಾದ, ಆಯಸ್ಕಾಂತ ಹಿಡಿಯುವ ಲೋಹದ ಪಾತ್ರೆಯೇ ಬೇಕು. ಅಲ್ಯೂಮಿನಿಯಮ್ಮಿನ ಗುಂಡುತಳದ ಪಾತ್ರೆಯನ್ನು ಅದು ಗುರುತಿಸುವುದೇ ಇಲ್ಲ. ಗಾಜಿನ ಹಲಗೆಯ ಮೇಲೆ ಕವೆಗೋಲನ್ನು ಒತ್ತುವ ಧೈರ್ಯ ಯಾರಿಗಿದೆ?

ಹಾಸ್ಟೆಲು ಛತ್ರಗಳ ಮಾತು ಬೇರೆ. 1950ರಲ್ಲಿ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಚಪಾತಿ, ದೋಸೆಗಳನ್ನು ಎಡೆಬಿಡದೆ ಮಾಡುವ ಯಂತ್ರಗಳನ್ನು ರೂಪಿಸಿದೆ. ಆದರೆ ಅವು ನೂರಾರು ಜನರ ಪಂಕ್ತಿಗೆ ಹುಟ್ಟಿದವು. ಐದಾರು ಮಂದಿಯ ಸಂಸಾರಕ್ಕೆ, ಎರಡು ನಿಮಿಷದಲ್ಲಿ ತೊಳೆದಿಡಬಹುದಾದ ಮುದ್ದೆಯ ಯಂತ್ರ ಕೋಲನ್ನು ಇನ್ನೂ ಸೋಲಿಸಿಲ್ಲ.

ನಗರದ ಗೃಹಿಣಿಯರು ಇದಕ್ಕೆ ತಮ್ಮದೇ ಉಪಾಯವನ್ನು ಕಂಡುಕೊಂಡಿದ್ದಾರೆ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುಕ್ಕರಿನೊಳಗಣ ಪಾತ್ರೆಯಲ್ಲಿಟ್ಟು ಬೇಯಿಸಿ, ಮುಚ್ಚಳ ತೆಗೆದ ಮೇಲೆ ಮರದ ಸೌಟಿನಿಂದ ನಾಲ್ಕು ಸಲ ತಿರುವುತ್ತಾರೆ. ಯಾವ ಕಂಪನಿಯೂ ಮಾರದ ಯುಕ್ತಿ ಇದು. ತೊಳಸುವ ಶ್ರಮ ಅರ್ಧಕ್ಕೆ ಇಳಿಯುತ್ತದೆ. ಯಲ್ದೂರಿನ ಕಡೆಯ ಹಿರಿಯರು ಆ ಮುದ್ದೆಯನ್ನು ಮುರಿದು, ಬೆರಳಿನಲ್ಲೊಮ್ಮೆ ಒತ್ತಿ ನೋಡಿ, ಮೌನವಾಗಿ ನುಂಗುತ್ತಾರೆ. ಆ ಮೌನವನ್ನು ಹೊಗಳಿಕೆಯೆಂದು ತಿಳಿಯಬಾರದು. ಆದರೆ ತಟ್ಟೆ ಖಾಲಿಯಾಗುತ್ತದೆ.

ಮುದ್ದೆಯ ಯಂತ್ರಕ್ಕಿಂತ ಜರೂರಾಗಿದ್ದ ಇನ್ನೊಂದು ಉಪಕರಣದ ಕಥೆಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಅದು ಹೊಗೆಯಿಲ್ಲದ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ 'ಅಸ್ತ್ರ' ಕೇಂದ್ರದವರು ತುಮಕೂರು ಜಿಲ್ಲೆಯ ಉಂಗ್ರದಲ್ಲಿ ನೆಲೆಯೂರಿ, ಹಳ್ಳಿಯ ಹೆಂಗಸರ ಅಡಿಗೆಯನ್ನು ಕಣ್ಣಾರೆ ಕಂಡು, ಮೂರು ಪಾತ್ರೆ ಒಟ್ಟಿಗೆ ಕೂಡುವ, ಕೊಳವೆಯಿಂದ ಹೊಗೆಯನ್ನು ಹೊರಗಟ್ಟುವ 'ಅಸ್ತ್ರ ಒಲೆ'ಯನ್ನು ರೂಪಿಸಿದರು. ಸೌದೆ ಉಳಿಯಿತು, ಕಣ್ಣು, ಶ್ವಾಸಕೋಶಗಳು ಉಳಿದವು. ದೇಶದ ಮಟ್ಟದಲ್ಲಿಯೂ 1983ರಿಂದ 2002ರವರೆಗೆ ಸುಧಾರಿತ ಒಲೆಗಳ ರಾಷ್ಟ್ರೀಯ ಯೋಜನೆ ನಡೆಯಿತು. ಒಳ್ಳೆಯ ಕೆಲಸ. ಆದರೂ ಎಷ್ಟೋ ಮನೆಗಳಲ್ಲಿ ಒಲೆ ಕೆಲವು ವರ್ಷಗಳಲ್ಲಿ ಹಳೆಯದಕ್ಕೇ ಮರಳಿತು. ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ತೆಗೆಯುವವರಾರು? ಬಾಯಿ ಒಡೆದರೆ ಅದೇ ಅಳತೆಗೆ ಮತ್ತೆ ಕಟ್ಟುವವರಾರು? ಸೌದೆಯನ್ನು ಚಿಕ್ಕದಾಗಿ ಸೀಳುವ ಹೆಚ್ಚಿನ ಕೆಲಸ ಯಾರ ಪಾಲಿಗೆ? ಎಲ್ಲಕ್ಕೂ ಉತ್ತರ ಒಬ್ಬಳೇ. ಒಲೆ ಕೊಟ್ಟ ಸುಖದ ಒಂದು ಭಾಗವನ್ನು ಒಲೆಯ ಆರೈಕೆ ತಿಂದುಹಾಕಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಗ್ಯಾಸು ಬಂದ ಮೇಲೆ ಆ ತೊಡಕು ಬಹುಮಟ್ಟಿಗೆ ನೀಗಿದೆ. ಆದರೆ ಸಿಲಿಂಡರಿನ ಬೆಲೆಯನ್ನು ಎಣಿಸುವ ಮನೆಗಳ ಹಿತ್ತಿಲಲ್ಲಿ ಸೌದೆಯ ಒಲೆ ಇನ್ನೂ ಆರಿಲ್ಲ.

ಅಟ್ಟದ ಮೇಲೆ

ಈಗ ಅಟ್ಟವನ್ನು ಹತ್ತಬಹುದು. ಮೊದಲು ಕಣ್ಣಿಗೆ ಬೀಳುವುದು ರೊಟ್ಟಿ ಒತ್ತುವ ವಿದ್ಯುತ್ ಯಂತ್ರ. ಉಂಡೆಯನ್ನಿಟ್ಟು ಮುಚ್ಚಳವನ್ನು ಅದುಮಿದರೆ ಚಪಾತಿ ಸಿದ್ಧ ಎಂಬುದು ಅದರ ಭರವಸೆ. ಹಿಟ್ಟು ಎಂದಿಗಿಂತ ಸಡಿಲವಾಗಿರಬೇಕು, ಅದುಮುವ ಕೈ ಕ್ಷಣಕಾಲವಷ್ಟೇ ನಿಲ್ಲಬೇಕು. ಒಂದಿಷ್ಟು ತಪ್ಪಿದರೂ ಚಪಾತಿ ಹೋಗಿ ಹಪ್ಪಳ ಬರುತ್ತದೆ. ಮೂರು ಸಲ ಹಪ್ಪಳ ತಿಂದ ಸಂಸಾರ ನಾಲ್ಕನೆಯ ಸಲ ಲಟ್ಟಣಿಗೆಯನ್ನೇ ಹುಡುಕಿತು.

ಅದರ ಪಕ್ಕದಲ್ಲಿ ಮಾವಿನ ಹಣ್ಣನ್ನು ಓಟೆ ಬಿಟ್ಟು ಸೀಳುವ ಅಂಡಾಕಾರದ ಕತ್ತರಿ. ಶ್ರೀನಿವಾಸಪುರದ ಸೀಮೆಗೆ ಇದನ್ನು ತರುವುದೆಂದರೆ! ಬಾದಾಮಿಯಿದೆ, ರಸಪುರಿಯಿದೆ, ಮೂಗು ಚಾಚಿದ ತೋತಾಪುರಿಯಿದೆ. ಒಂದೊಂದರ ಓಟೆಯೂ ಒಂದೊಂದು ಅಳತೆ. ಒಂದೇ ಅಳತೆಯ ಅಲಗು ಒಂದರಲ್ಲಿ ತಿರುಳನ್ನು ಬಿಡುತ್ತದೆ, ಇನ್ನೊಂದರಲ್ಲಿ ಓಟೆಗೆ ತಗುಲಿ ನಿಲ್ಲುತ್ತದೆ. ಮೇಲಾಗಿ, ರಸಪುರಿಯನ್ನು ಸೀಳಿ ತಿನ್ನುವವರುಂಟೆ? ಉಪ್ಪಿನಕಾಯಿಯ ಕಾಲದಲ್ಲಿ ಈ ಊರುಗಳಿಗೆ ಬೇಕಾದುದು ಇದಕ್ಕೆ ತದ್ವಿರುದ್ಧ: ಹುಳಿ ಮಾವಿನ ಗಟ್ಟಿ ಓಟೆಯನ್ನೂ ಸೇರಿಸಿ, ಪ್ರತಿಯೊಂದು ಹೋಳಿಗೂ ಓಟೆಯ ಚೂರು ಅಂಟಿಕೊಂಡಿರುವಂತೆ ಕತ್ತರಿಸಬೇಕು. ಆ ಚೂರಿಲ್ಲದಿದ್ದರೆ ಹೋಳು ಬೇಗ ಮೆತ್ತಗಾಗುತ್ತದೆ. ಅದಕ್ಕೆ ಮರದ ಮಣೆಗೆ ಕೀಲಿಸಿದ ಉದ್ದ ಹಿಡಿಯ ಭಾರಿ ಕತ್ತಿ ಎಂದಿನಿಂದಲೂ ಉಂಟು. ಹಿಡಿ ಉದ್ದವಾದಷ್ಟೂ ಏಟಿಗೆ ಬಲ ಹೆಚ್ಚು ಎಂಬ ಸನ್ನೆಗೋಲಿನ ಲೆಕ್ಕ ಅದರಲ್ಲಿ ಅಡಗಿದೆ. ಅದೂ ಒಂದು ಕಾಲಕ್ಕೆ ಹೊಸ ಉಪಕರಣವೇ ಆಗಿದ್ದಿರಬೇಕು. ತಿರುಪಿನ ಶ್ಯಾವಿಗೆ ಒರಳೂ ಅಷ್ಟೆ, ಈಳಿಗೆ ಮಣೆಯೂ ಅಷ್ಟೆ.

ಅವರೆಯ ಕಾಲದ ಸೋಜಿಗವೂ ಇಲ್ಲಿದೆ: ಬಟಾಣಿಯನ್ನು ಸುಲಿಯುವ ಎರಡು ಉರುಳೆಯ ಯಂತ್ರ. ನುಣುಪಾದ ಬಟಾಣಿಯ ಸಿಪ್ಪೆ ಉರುಳೆಗಳ ನಡುವೆ ನುಸುಳೀತು. ಸೊಗಡಿನಿಂದ ಅಂಟುವ, ಒಂದೊಂದೂ ಒಂದೊಂದು ಕಡೆ ಬಾಗಿರುವ ಅವರೆಕಾಯಿ ಅಲ್ಲಿ ಸುರುಳಿ ಸುತ್ತಿಕೊಂಡಿತು. ಹಿತಕುವುದಂತೂ ಹೆಬ್ಬೆರಳು ತೋರುಬೆರಳಿನ ವಿದ್ಯೆ. ನಾಲ್ವರು ಮೊರದ ಸುತ್ತ ಕುಳಿತರೆ ಕಾಳೂ ಹಿತಕಿ ಮುಗಿಯುತ್ತದೆ, ಊರಿನ ಸಮಾಚಾರವೂ ಮುಗಿಯುತ್ತದೆ.

ಗಾಳಿಯಲ್ಲಿ ಕರಿಯುವ ಯಂತ್ರ ತೀರ ಈಚಿನ ಅತಿಥಿ. ಯೂರೋಪಿನಲ್ಲಿ ಅದು ಮಾರುಕಟ್ಟೆಗೆ ಬಂದುದು 2010ರಲ್ಲಿ. ನಿಜವಾಗಿ ಅದು ಕರಿಯುವುದಿಲ್ಲ. ಬಿಸಿಗಾಳಿಯನ್ನು ರಭಸದಿಂದ ಸುತ್ತಿಸಿ ಸುಡುತ್ತದೆ. ಆಲೂಗೆಡ್ಡೆಗೆ, ಆರಿದ ತಿಂಡಿಯನ್ನು ಮತ್ತೆ ಗರಿಗರಿಯಾಗಿಸುವುದಕ್ಕೆ ಬಲು ಸೊಗಸು. ಬೋಂಡಕ್ಕೆಂದು ಹಸಿಹಿಟ್ಟಿನಲ್ಲಿ ಅದ್ದಿಟ್ಟರೆ ಹಿಟ್ಟು ತಳಕ್ಕೆ ಸೋರಿ, ಯಂತ್ರ ತೊಳೆಯುವ ಕೆಲಸ ಉಳಿಯುತ್ತದೆ. ಕುಟುಂಬದಲ್ಲೊಬ್ಬರಿಗೆ ಎಣ್ಣೆ ವರ್ಜ್ಯವಾಗಿದ್ದರೆ ಅದು ಅಟ್ಟದಿಂದ ಇಳಿಯುತ್ತದೆ, ಇಲ್ಲವಾದರೆ ಇಲ್ಲ.

2022ರಲ್ಲಿ ಕಾಗದ ಮುದ್ರಿಸಿದಂತೆ ದೋಸೆಯನ್ನು ಹೊರಕ್ಕೆ ತಳ್ಳುವ ಮನೆಬಳಕೆಯ ಯಂತ್ರವೊಂದು ನಾಡಿನ ನಗುವಿಗೂ ಬೆರಗಿಗೂ ಕಾರಣವಾಯಿತು. ಮೇಲ್ಭಾಗದಲ್ಲಿ ಹಿಟ್ಟು ಸುರಿದರೆ ಕೆಳಗೆ ದೋಸೆ. ಅಕ್ಕಿ ಉದ್ದು ನೆನೆಸಿ, ರುಬ್ಬಿ, ರಾತ್ರಿಯಿಡೀ ಹುದುಗಿಸಿದ ಹದಿನಾಲ್ಕು ಗಂಟೆಯ ಕೆಲಸವೆಲ್ಲ ಹಾಗೆಯೇ ಇತ್ತು. ಯಂತ್ರ ವಹಿಸಿಕೊಂಡುದು ಕೊನೆಯ ಒಂದು ನಿಮಿಷವನ್ನು. ಅದೂ ಎಂಥ ನಿಮಿಷ! ಕಾವಲಿಯ ಮೇಲೆ ಹಿಟ್ಟು ಚುಂಯ್ ಎನ್ನುವ, ಅಡಿಗೆಯಲ್ಲಿ ಸ್ವಲ್ಪ ಸಂತೋಷವಿರುವ ನಿಮಿಷ.

ಉಪಕರಣಗಳು ಉಳಿಸುವುದಾಗಿ ಹೇಳುವ ವೇಳೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ಪುಸ್ತಕದಲ್ಲಿ ಕೆದಕಿ ನೋಡಿದ್ದಾರೆ. ಒಲೆ, ಒಗೆಯುವ ಯಂತ್ರಗಳು ಬಂದಂತೆಲ್ಲ ಗಂಡಸರೂ ಮಕ್ಕಳೂ ಮಾಡುತ್ತಿದ್ದ ಕೆಲಸ ತಪ್ಪಿತು. ಗೃಹಿಣಿಯ ಗಂಟೆಗಳು ಮಾತ್ರ ಕಡಮೆಯಾಗಲಿಲ್ಲ, ನಿರೀಕ್ಷೆಗಳು ಬೆಳೆದವು ಎಂಬುದು ಅವರು ಕಂಡುಕೊಂಡ ಸಂಗತಿ. ನಮ್ಮಲ್ಲಿಯೂ ಹಾಗೆಯೇ. ಮಿಕ್ಸಿ ಬಂದ ಮನೆಯಲ್ಲಿ ಒಂದು ಚಟ್ನಿಯ ಜಾಗದಲ್ಲಿ ಎರಡು ಚಟ್ನಿ ಬಂತು. ನೀರನ್ನು ಅಳೆದು ಬಳಸುವ ಊರಿನಲ್ಲಿ ಲೆಕ್ಕ ಇನ್ನೂ ಬಿಗಿ: ಈಳಿಗೆ ಮಣೆಯನ್ನು ಒಂದು ತಂಬಿಗೆ ನೀರಿನಲ್ಲಿ ತೊಳೆಯಬಹುದು, ಏಳು ಬಿಡಿಭಾಗಗಳ ಯಂತ್ರಕ್ಕೆ ಅರ್ಧ ಬಕೆಟ್ಟು ಬೇಕು. ಗಡಸು ನೀರಿನ ಬಿಳಿಯ ಹೊಪ್ಪಳೆ ವಿದ್ಯುತ್ ಕೆಟ್ಟಲಿನ ತಳದಲ್ಲಿ ಕಟ್ಟುತ್ತದೆ; ಅದನ್ನು ಹುಳಿ ಹಾಕಿ ಉಜ್ಜುವುದೂ ಹೊಸದಾಗಿ ಸೇರಿದ ಕೆಲಸವೇ.

ದಾರದ ಯಂತ್ರ

ಇಷ್ಟಾದರೂ ಅಟ್ಟದ ಮೇಲಿನದನ್ನೆಲ್ಲ ಒಟ್ಟಾಗಿ ಗುಜರಿಗೆ ಹಾಕುವಂತಿಲ್ಲ. 1990ರಲ್ಲಿ ಅಮೆರಿಕದ ಸ್ಯಾಮ್ ಫಾರ್ಬರ್ ಎಂಬ ವ್ಯಾಪಾರಿ, ಸಂಧಿವಾತದಿಂದ ನರಳುತ್ತಿದ್ದ ತನ್ನ ಹೆಂಡತಿಗೆ ಸಿಪ್ಪೆ ಹೆರೆಯುವ ಸಣ್ಣ ಕತ್ತಿಯನ್ನು ಹಿಡಿಯುವುದು ಕಷ್ಟವಾದುದನ್ನು ಕಂಡು, ದಪ್ಪನೆಯ ರಬ್ಬರಿನ ಹಿಡಿಯುಳ್ಳ ಸಲಕರಣೆಗಳನ್ನು ಮಾಡಿಸಿ 'ಆಕ್ಸೊ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ. ನೋವಿರುವ ಕೈಗೆಂದು ಮಾಡಿದ ಹಿಡಿ ಗಟ್ಟಿ ಕೈಗಳಿಗೂ ಹಿತವಾಯಿತು. ಯಾರ ಕೈಗೆ ಎಂಬುದನ್ನು ಮೊದಲು ಯೋಚಿಸಿ, ಆಮೇಲೆ ಯಂತ್ರವನ್ನು ಮಾಡಿದ ಅಪರೂಪದ ಪ್ರಸಂಗ ಅದು.

ಕೋಲಾರದ ಹಳ್ಳಿಗಳಲ್ಲಿ ಇಂದು ಅಂಥ ಕೈಗಳು ಹೆಚ್ಚುತ್ತಿವೆ. ಮಕ್ಕಳು ಬೆಂಗಳೂರಿನಲ್ಲಿ, ಊರಿನ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬಳೇ. ನಲವತ್ತು ವರ್ಷ ಮುದ್ದೆ ತೊಳಸಿದ ಮಣಿಕಟ್ಟು ಈಗ ಬೆಳಗಿನ ಹೊತ್ತು ಮಡಿಸಲು ಬಾರದು. ಮಂಡಿ ನೋವಿನಿಂದ ನೆಲದ ಮೇಲೆ ಈಳಿಗೆ ಮಣೆಯ ಮುಂದೆ ಕೂರುವಂತಿಲ್ಲ. ಚಾಕುವನ್ನು ಒತ್ತಿದರೆ ಬೆರಳು ಜಾರುತ್ತದೆ. ಹಬ್ಬಕ್ಕೆ ಬಂದ ಮಗ ಜಾತ್ರೆಯಲ್ಲಿ ನೂರೈವತ್ತು ರೂಪಾಯಿಗೆ ಕೊಂಡು ತಂದಿದ್ದ ದಾರ ಎಳೆಯುವ ಯಂತ್ರ ಆಗ ಅಟ್ಟದಿಂದ ಇಳಿಯುತ್ತದೆ. ಮೇಜಿನ ಮೇಲಿಟ್ಟು, ಅಂಗೈಯಿಂದ ಮುಚ್ಚಳವನ್ನು ಅದುಮಿ, ದಾರದ ಹಿಡಿಗೆ ನಾಲ್ಕು ಬೆರಳು ತೂರಿಸಿ ಎಳೆದರೆ ಸಾಕು. ಚೂರು ಸಮನಾಗಿರುವುದಿಲ್ಲ, ಒಂದು ದೊಡ್ಡದು, ಒಂದು ಪುಡಿ. ಒಬ್ಬಳ ಅಡಿಗೆಗೆ ಅದನ್ನು ಎಣಿಸುವವರಾರು? ತೊಳೆಯಲು ಮೂರೇ ಭಾಗ. ದಾರ ಹರಿದರೆ ಬಿಚ್ಚಿ ಹೊಸದನ್ನು ಪೋಣಿಸುವ ವಿದ್ಯೆ ಪಕ್ಕದ ಮನೆಯ ಹುಡುಗನಿಗೆ ಬರುತ್ತದೆ.

ಮುದ್ದೆಯನ್ನು ಮಾತ್ರ ಇಂಥ ಮನೆಗಳಲ್ಲಿ ಈಗ ತೊಳಸುವುದಿಲ್ಲ. ರಾತ್ರಿ ಎಂಟರ ಹೊತ್ತಿಗೆ ನೆರೆಮನೆಯ ಸೊಸೆ ತಟ್ಟೆಯಲ್ಲಿ ಒಂದು ಬಿಸಿ ಮುದ್ದೆಯನ್ನು ತಂದು ಹೊಸಿಲಿನ ಒಳಗಿಟ್ಟು ಹೋಗುತ್ತಾಳೆ. ಖಾಲಿ ತಟ್ಟೆಯನ್ನು ಹಿಂದಿರುಗಿಸಬಾರದೆಂದು ಬಟ್ಟಲಿನಲ್ಲಿ ಹುರುಳಿಯ ಸಾರು ಆ ಮನೆಗೆ ಹೋಗುತ್ತದೆ. ಸಾರಿನ ಮೇಲೆ ಒಗ್ಗರಣೆಯ ಈರುಳ್ಳಿ, ದೊಡ್ಡದೊಂದು ಚೂರು, ಪುಡಿಯೊಂದು ಚೂರು.